ಇಪ್ಪತ್ತೇಳನೇ ನಂಬರಿನ ಗುಲಾಬಿ

"ಅಂಕಲ್, ಈ ಗುಲಾಬಿಗೆ ಔಷಧಿ ಯಾವಾಗ ಹೊಡೆದಿದ್ದು?"

ಹೂವಿನ ಅಂಗಡಿಯವನ ಕತ್ತರಿ ಅರ್ಧದಲ್ಲೇ ನಿಂತಿತು. "ನಾನು ಹೂವು ಮಾರ್ತೀನಿ ಕಣಮ್ಮಾ, ಹೂವಿನ ಜಾತಕ ಬರೆಯಲ್ಲ!"

"ಕಿತ್ತವರು ಗ್ಲೌಸ್ ಹಾಕಿದ್ರಾ?"

"ಹೂವು ಕೊಳ್ಳೋಕೆ ಬಂದ್ಯೋ, ನನ್ನ ಪರೀಕ್ಷೆ ಮಾಡೋಕೆ ಬಂದ್ಯೋ?"

ಚೂಟಿಯ ಪಕ್ಕದಲ್ಲಿದ್ದ ಕ್ಲಾಸ್ ಮಾನಿಟರ್ ಹಣೆ ಹಣೆ ಚಚ್ಚಿಕೊಂಡಳು. ಊಟದ ಬೆಲ್ ಆದದ್ದೇ ಪರ್ಮಿಷನ್ ಕೇಳಿ ಇಬ್ಬರೂ ಓಡಿ ಬಂದಿದ್ದರು. ಡ್ರಾಯಿಂಗ್ ಮಿಸ್ ಇವತ್ತೇ ಶಾಲೆ ಬಿಟ್ಟು ಹೋಗುತ್ತಾರೆ. ಕೆಂಪು ಗುಲಾಬಿಯ ಬೊಕೆಯೇ ಆಗಬೇಕು ಎಂದು ಇಡೀ ಕ್ಲಾಸು ಕೈ ಎತ್ತಿತ್ತು. ಆರಿಸಿ ತರುವ ಕೆಲಸ ಚೂಟಿಗೆ ಸಿಕ್ಕಿತ್ತು. ಇಂಥ ಕೆಲಸ ಸಿಕ್ಕಿದ್ದು ಅದೇ ಮೊದಲು. ಬೆಳಗಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ.

ಆದರೆ ಬಕೆಟ್ಟಿನ ಗುಲಾಬಿ ನೋಡಿದ್ದೇ ಚಿಕ್ಕಮ್ಮನ ಕೈ ನೆನಪಾಯಿತು. ಚಿಕ್ಕಮ್ಮ ಗುಲಾಬಿ ತೋಟದಲ್ಲಿ ಹೂವು ಕಿತ್ತು, ಕಟ್ಟು ಕಟ್ಟುತ್ತಾಳೆ. ಔಷಧಿ ಹೊಡೆದ ಮೇಲೆ ಒಂದು ದಿನ ಯಾರೂ ಒಳಗೆ ಹೋಗಬಾರದು ಎಂದು ಅಲ್ಲಿ ಬೋರ್ಡೇ ಇದೆ. ಬೋರ್ಡು ಬೋರ್ಡಿನ ಪಾಡಿಗೆ ನೇತಾಡುತ್ತದೆ, ಅಷ್ಟೆ! ಆರ್ಡರ್ ಜಾಸ್ತಿಯಾದರೆ ಎಲೆ ಒಣಗುವ ಮೊದಲೇ ಸೂಪರ್‌ವೈಸರ್ ಎಲ್ಲರನ್ನೂ ಒಳಗೆ ಅಟ್ಟುತ್ತಾನೆ. ಹೋದ ವಾರ ಚಿಕ್ಕಮ್ಮನಿಗೆ ಮೊಣಕೈವರೆಗೂ ಕೆಂಪು ಗುಳ್ಳೆ. ಚೂಟಿಯೇ ಮುಲಾಮು ಹಚ್ಚಿದ್ದಳು.

"ಮೂಲೇಲಿರೋದು ಏನು ಅಂಕಲ್?"

"ಸೂರ್ಯಕಾಂತಿ. ನಮ್ಮಕ್ಕನ ಹಿತ್ತಲಿಂದು. ಔಷಧಿ ಮುಖಾನೇ ನೋಡಿಲ್ಲ. ಹುಳ ಇದ್ರೆ ಫ್ರೀ!"

"ಸೂರ್ಯಕಾಂತಿನಾ?" ಮಾನಿಟರ್ ಕಣ್ಣರಳಿಸಿದಳು. "ಮಿಸ್ ಏನು, ಎಣ್ಣೆ ತೆಗೀಬೇಕಾ?"

ಚೂಟಿಗೂ ನಗು ಬಂತು. ಕೈಯಲ್ಲಿದ್ದ ಗುಲಾಬಿ ಕಟ್ಟನ್ನು ವಾಪಸ್ ಇಡಲು ಹೋದಳು. ಅದರ ರಬ್ಬರ್ ಬ್ಯಾಂಡಿಗೆ ಒಂದು ಪುಟ್ಟ ಚೀಟಿ ಸಿಕ್ಕಿಸಿತ್ತು. ಕಟ್ಟಿದವರ ನಂಬರ್. ಇಪ್ಪತ್ತೇಳು!

ಅದು ಚಿಕ್ಕಮ್ಮನ ನಂಬರ್.

"ಅಂಕಲ್, ಪ್ಲೀಸ್, ಒಂದೇ ಒಂದು ಫೋನ್ ಮಾಡ್ಲಾ?"

ಅಂಗಡಿಯವನು ಗೊಣಗುತ್ತಲೇ ಫೋನ್ ಕೊಟ್ಟ. ಚಿಕ್ಕಮ್ಮನೂ ಆಗಷ್ಟೇ ಊಟಕ್ಕೆ ಕೂತಿದ್ದಳು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು.

"ನಾನು ಕಟ್ಟಿದ ಹೂವನ್ನೇ ಬೇಡ ಅಂದ್ಯೇನೇ, ಕಳ್ಳೀ?"

"ನಿನ್ನ ಕೈ ನೋಡಿದ ಮೇಲೆ ಹೇಗೆ ತಗೊಳ್ಳಲಿ ಚಿಕ್ಕಮ್ಮಾ? ಯಾರೂ ಗುಲಾಬಿ ತಗೊಳ್ಳಲೇಬಾರದು!"

"ಯಾರೂ ತಗೊಳ್ದೆ ಹೋದ್ರೆ ನನ್ನ ಕೆಲಸವೇ ಹೋಗುತ್ತಲ್ಲೇ, ಪುಟ್ಟೀ. ಬೇಡ ಅಂತ ಸುಮ್ನೆ ಹೋಗ್ಬೇಡ. ಯಾಕೆ ಬೇಡ ಅಂತ ಹೇಳಿ ಹೋಗು. ನಾವು ಕೇಳಿದ್ರೆ 'ನಾಳೆಯಿಂದ ಬರ್ಬೇಡ' ಅಂತಾರೆ. ಕೊಳ್ಳೋರು ಕೇಳಿದ್ರೆ 'ಆಗ್ಲಿ ಸಾರ್' ಅಂತಾರೆ."

ಸ್ಪೀಕರ್ ಆನ್ ಆಗಿತ್ತು. ಅಂಗಡಿಯವನು ತಲೆ ಕೆರೆದುಕೊಂಡ.

"ನಾಳೆ ಬೆಳಿಗ್ಗೆ ತೋಟದ ವ್ಯಾನ್ ಬರುತ್ತೆ. ಅದೇನು ಕೇಳ್ಬೇಕೋ ಬರೆದುಕೊಡು. ನಾನೇ ಮುಟ್ಟಿಸ್ತೀನಿ."

ಚೂಟಿ ಸರಸರ ಬರೆದಳು. 'ತೋಟದ ಓನರ್ ಅವರಿಗೆ. ನಮ್ಮ ಕ್ಲಾಸಿಗೆ ನಿಮ್ಮ ಗುಲಾಬಿ ಅಂದರೆ ಪ್ರಾಣ. ಆದರೂ ಇವತ್ತು ಕೊಳ್ಳಲಿಲ್ಲ. ಔಷಧಿ ಒಣಗುವ ಮೊದಲೇ ಹೂವು ಕೀಳಿಸಬೇಡಿ. 27ನೇ ನಂಬರಿನವರ ಕೈಯೆಲ್ಲ ಗುಳ್ಳೆ.'

"ಸೂಪರ್!" ಎಂದಳು ಮಾನಿಟರ್. ಅಷ್ಟರಲ್ಲಿ ಅವಳೇ ಸೂರ್ಯಕಾಂತಿಗಳನ್ನು ಎತ್ತಿಕೊಂಡಾಗಿತ್ತು. "ಬೇಗ ಕೊಡು, ಬೆಲ್ ಆಗುತ್ತೆ."

ಚೂಟಿ ಚೀಟಿಯನ್ನು ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಕಣ್ಣು 27ರ ಮೇಲೆ ಬಿದ್ದಿತ್ತು. ಚೀಟಿಯನ್ನು ಹಿಂದಕ್ಕೆಳೆದು ಪರಪರ ಹರಿದಳು.

"ಅಯ್ಯೋ, ಹುಚ್ಚೀ! ಯಾಕೆ?"

ಚೂಟಿ ಹೊಸ ಹಾಳೆ ತೆಗೆದು ಎಲ್ಲವನ್ನೂ ಮತ್ತೆ ಬರೆದಳು. ಕೊನೆಯ ಸಾಲನ್ನು ಮಾತ್ರ ಬರೆಯಲಿಲ್ಲ.

"ನಿಮ್ಮ ಚಿಕ್ಕಮ್ಮನ ವಿಷಯ ಎಲ್ಲಿ ಹೋಯ್ತು?"

"ಕೇಳ್ತಿರೋದು ಅವಳಲ್ವಲ್ಲ," ಎಂದಳು ಚೂಟಿ. "ನಾವು."

ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು. ಮಾನಿಟರ್ ಬಾಲ ಎಳೆದು ಸ್ಟೈಲಾಗಿ ಸೈನ್ ಮಾಡಿದಳು. ಅಂಗಡಿಯವನೂ ಕೈ ಒರೆಸಿಕೊಂಡು ಮುಂದೆ ಬಂದ.

"ಇಲ್ಲಿ ಕೊಡಮ್ಮಾ ಪೆನ್ನು. ದಿನಾ ಕೊಳ್ಳೋನು ನಾನು ತಾನೆ?"

ಚೂಟಿ ಪೆನ್ನು ಕೊಟ್ಟಳು. ಹರಿದ ಚೀಟಿಯ ಚೂರುಗಳನ್ನು ಮಾತ್ರ ಒಂದೂ ಬಿಡದೆ ಆರಿಸಿ, ತನ್ನ ಜೇಬಿಗೆ ಹಾಕಿಕೊಂಡಳು.