ಗಡಿಕಲ್ಲಿನಡಿಯ ಇದ್ದಿಲು

ಬಾದಾಮಿ ಮರಗಳು ಹೂಬಿಟ್ಟಿದ್ದ ಕಾಲ. ಫೆಬ್ರವರಿ ಇಪ್ಪತ್ತಮೂರು, ಬೆಳಗಿನ ಎಂಟರ ಹೊತ್ತು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ.

ರೋಮ್ ಪಟ್ಟಣದ ಆಚೆಗಿನ ನಮ್ಮ ಸಬೀನಾ ಗುಡ್ಡದಲ್ಲಿ ಹಳೆಯ ದೇವರುಗಳನ್ನು ಬಿಡದ ಮನೆಗಳು ನಾಲ್ಕೈದಿವೆ. ಅಂದು ಗಡಿದೇವರ ಹಬ್ಬ. ಗಡಿಕಲ್ಲಿನ ಎರಡೂ ಕಡೆಯವರು ತಂತಮ್ಮ ಮಗ್ಗುಲಿಗೆ ಹೂಮಾಲೆ ಹಾಕಿ, ಜೇನುರೊಟ್ಟಿ ಇಟ್ಟು, ಕೂತು ಒಟ್ಟಿಗೆ ಉಣ್ಣಬೇಕು.

ಜೇನು ಸಾಕುವ ಎರ್ಸಿಲಿಯಾ ಹಬ್ಬದ ಬೆಂಕಿ ಹೊತ್ತಿಸಲು ಒಲೆಯ ಕೆಂಡವನ್ನು ಮಡಕೆಚೂರಿನಲ್ಲಿ ಹಿಡಿದು ಗಡಿಗೆ ಬಂದಳು.

ಕಲ್ಲೇ ಇರಲಿಲ್ಲ... ಉತ್ತ ಮಣ್ಣಷ್ಟೇ.

ಆಚೆಯ ಆಲಿವ್ ತೋಟ ಸತ್ತುಹೋದ ಸೋದರಮಾವನಿಂದ ಲೊರೆತೊ ಎಂಬವನಿಗೆ ಬಂದು ತಿಂಗಳಾಗಿತ್ತಷ್ಟೇ. ಅವನ ಬಾಗಿಲಿಗೇ ಹೋಗಿ ನಿಂತಳು.

"ಗಡಿಕಲ್ಲು ಎಲ್ರೀ?"

"ನೀವು ನಿಂತಿರೋದೇ ಅದರ ಮೇಲೆ. ಉಳುವಾಗ ಅಡ್ಡ ಬಂತು. ಮೆಟ್ಟಿಲಿಗೆ ಸರಿಯಾಗಿ ಕೂತ್ಕೊಂಡಿತು."

ಅವಳು ಕೆಂಡ ತುಳಿದವಳಂತೆ ಕೆಳಗೆ ಹಾರಿದಳು.

"ಅದು ದೇವರು ರೀ."

"ಅಯ್ಯೋ... ಈಗಷ್ಟೇ ಅದರ ಮೇಲೆ ಬೂಟು ಒರೆಸಿದ್ದೀನಿ."

"ಗಡಿಕಲ್ಲು ಕಿತ್ತವನಿಗೂ ಅವನ ಎತ್ತಿಗೂ ಶಾಪ ಅಂತ ಹಿರಿಯರ ಮಾತು."

"ಎತ್ತಿಲ್ಲ. ಟ್ರ್ಯಾಕ್ಟರ್ ಇದೆ."

"ಅದಕ್ಕೂ ತಗಲುತ್ತೆ."

ನಗು ಬಂತು, ನುಂಗಿಕೊಂಡಳು. 'ನೆಲ ಕದಿಯೋಕೆ ಬಂದವನು... ಮುಖ ನೋಡಿದ್ರೆ ಪಾಪದವನ ಹಾಗೆ...'

ಗಡಿಯಂಚಿನ ರೋಸ್ಮರಿ ಪೊದೆಗಳ ನಡುವೆ ಅವಳ ಜೇನುಪೆಟ್ಟಿಗೆಗಳಿದ್ದವು. ಆ ಅಂಚು ಹೋದರೆ ಬದುಕೇ ಹೋದಂತೆ.

"ಎಲ್ಲಿತ್ತು ತೋರಿಸಿ, ನೆಟ್ಟುಕೊಡ್ತೀನಿ."

"ಬಾಯಿಮಾತು ಸಾಲದು. ಹಳಬರು ಕಲ್ಲಿನಡಿ ಇದ್ದಿಲು ಹೂಳ್ತಿದ್ರು. ಅದು ಸಿಕ್ಕಿದಲ್ಲೇ ಗಡಿ."

ಇಬ್ಬರೂ ಅಗೆದರು. ಕಲ್ಲಿದ್ದ ಜಾಗದಲ್ಲಿ ಇದ್ದಿಲಿಲ್ಲ. ಲೊರೆತೊ ನೀರು ತರಲು ಹೋದ. ಎರ್ಸಿಲಿಯಾ ತನ್ನ ಕಡೆ ಸರಿಯುತ್ತಾ ಅಗೆದಳು. ತನ್ನ ನೆಲದೊಳಗೆ ನಾಲ್ಕು ಹೆಜ್ಜೆ, ಪೆಟ್ಟಿಗೆಗಳನ್ನೂ ದಾಟಿದ ಮೇಲೆ, ಇದ್ದಿಲು ತಗಲಿ ಗುದ್ದಲಿ ಕಪ್ಪಾಯಿತು.

ಎಂದೋ ಕಲ್ಲನ್ನು ಆಚೆಗೆ ಸರಿಸಿ ಆ ಅಂಚು ಕಬಳಿಸಿದ್ದು ಅವಳ ಮನೆಯವರೇ. ಒಂದು ಹಿಡಿ ಮಣ್ಣೆಳೆದರೆ ಸಾಕು... ಯಾರಿಗೂ ತಿಳಿಯದು.

ಮಣ್ಣು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಳು. ಆಮೇಲೆ ಕೂಗಿದಳು, "ಬನ್ನಿ ಇಲ್ಲಿ. ಕಳ್ಳರು ನಾವೇ."

ಅವನು ಇದ್ದಿಲನ್ನು ನೋಡಲಿಲ್ಲ, ಅವಳ ಒದ್ದೆ ಕಣ್ಣು ನೋಡಿದ.

"ಮುಚ್ಚಿಬಿಡಬಹುದಿತ್ತಲ್ಲ?"

"ದೇವರು ನೋಡ್ತಿರುತ್ತೆ."

"ಅದಿನ್ನೂ ನನ್ನ ಬಾಗಿಲಲ್ಲಿದೆ."

ಈ ಸಲ ನಗು ತಡೆಯಲಾಗಲಿಲ್ಲ.

"ಪೆಟ್ಟಿಗೆ ಎತ್ತಿಕೊಂಡು ಹೋಗ್ತೀನಿ," ಎಂದಳು.

"ಬೇಡ. ನೋಡಿಕೊಳ್ಳೋಕೆ ದಿನಾ ಬರ್ತೀರಲ್ಲ... ಬನ್ನಿ."

ಬಂದಳು. ಹೂ ಉದುರಿತು, ಬಾದಾಮಿ ಕಾಯಾಯಿತು, ಆಲಿವ್ ಕೊಯ್ಲು ಮುಗಿಯಿತು. 'ನೀವು' ಹೋಗಿ 'ನೀನು' ಬಂದದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ.

ಮತ್ತೆ ಹಬ್ಬ ಬಂತು. ಇದ್ದಿಲು ಸಿಕ್ಕಿದಲ್ಲೇ ನೆಟ್ಟ ಕಲ್ಲಿನ ಆಚೆ ಅವನು, ಈಚೆ ಅವಳು.

"ಈ ಮಾಲೆ ನಿನಗೇ ಹಾಕಿಬಿಡಲಾ?" ಅವನು ಕೇಳಿದ.

"ದೇವರದ್ದು ದೇವರಿಗೆ ಹಾಕು. ನನಗೆ ಬೇರೆ ಕಟ್ಟು."

ಲೊರೆತೊ ಬುಟ್ಟಿಯೊಳಗಿಂದ ಇನ್ನೊಂದು ತೆಗೆದ. "ಕಟ್ಟಿದ್ದೀನಿ."

ತವರುಮನೆಯ ಒಲೆಯ ಕೆಂಡ ಹಿಡಿದು ಎರ್ಸಿಲಿಯಾ ಗಡಿಕಲ್ಲು ದಾಟಿ ಅವನ ಮನೆ ತುಂಬಿದ್ದು ಅದೇ ದಿನ.