ಮರೆಯುವ ಊರು

ವೆಲ್ಡಾಳ ಮಗಳು ಲೋರ್ನಾ ತೀರಿಕೊಂಡ ಮೂರನೇ ವಾರ, ಟೆಲಿಫೋನ್ ಎಕ್ಸ್‌ಚೇಂಜಿನ ಮೇಬೆಲ್ ತಾನೇ ಮಾಡಿದ ಪೀಚ್ ಪೈ ಹಿಡಿದುಕೊಂಡು ಬಂದಳು. ವೆಲ್ಡಾಳ ಕೈ ಸವರಿ ಹೇಳಿದಳು: "ಸಮಾಧಾನ ಮಾಡ್ಕೋ ಕಣೇ. ಏಳು ವರ್ಷ ಒಂದು ಭಾನುವಾರಾನೂ ತಪ್ಪಿಸ್ದೆ ಫೋನ್ ಮಾಡಿದ್ಲಲ್ಲ, ಅಷ್ಟು ದೂರದಿಂದ. ಹನ್ನೊಂದು ಗಂಟೆಗೆ ಸರಿಯಾಗಿ ನಾನೇ ಲೈನ್ ಕೊಡ್ತಿದ್ದೆ. ಎಷ್ಟು ತಾಯಂದಿರಿಗಿದೆ ಹೇಳು ಅಂಥ ಭಾಗ್ಯ?"

ಭಾನುವಾರ ಹನ್ನೊಂದಕ್ಕೆ ವೆಲ್ಡಾ ಚರ್ಚಿನಲ್ಲಿ ಹಾಡುತ್ತಿರುತ್ತಿದ್ದಳು. ಮನೆಯಲ್ಲಿರುತ್ತಿದ್ದವನು ಅವಳ ಗಂಡ ಹಾರ್ಲನ್. ತನಗೊಪ್ಪದವನ ಜೊತೆ ಹೊರಟುಹೋದ ಮಗಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದ್ದವನು.

ಮೇಬೆಲ್ ಹೋದಮೇಲೆ ಅವಳು ಕೇಳಿದಳು. "ಏನಂತ ಹೇಳ್ತಿದ್ದೆ ಅವಳಿಗೆ?"

ಹಾರ್ಲನ್ ಪತ್ರಿಕೆಯಿಂದ ತಲೆಯೆತ್ತಲಿಲ್ಲ. "ನಿಮ್ಮಮ್ಮಂಗೆ ನಿನ್ನ ದನಿ ಕೇಳೋದೇ ಬೇಡವಂತೆ ಅಂತಿದ್ದೆ. ಆದ್ರೂ ಮುಂದಿನ ವಾರ ಮತ್ತೆ ಮಾಡೋಳು. ನಿನ್ನ ಥರಾನೇ ಹಟಮಾರಿ."

ವೆಲ್ಡಾ ಪೈಯನ್ನು ಕೊಯ್ದು, ದೊಡ್ಡ ಹೋಳನ್ನು ಅವನ ತಟ್ಟೆಗಿಟ್ಟಳು. ಅಷ್ಟರಲ್ಲಿ ಅವಳ ಮನಸ್ಸು ತೀರ್ಮಾನ ಮಾಡಿ ಮುಗಿಸಿತ್ತು.

ಅದು ಸಾವಿರದ ಒಂಬೈನೂರ ಅರವತ್ತೊಂದರ ವಸಂತ. ಅರಿಝೋನಾದ ತಾಮ್ರದ ಗಣಿಯಲ್ಲಿ ಹಾರ್ಲನ್‌ನ ಕೆಲಸ ಇನ್ನು ಮೂರೇ ತಿಂಗಳು. ಆಮೇಲೆ ಗಣಿಯವರ ಮನೆ ಬಿಡಬೇಕು. ಎಲ್ಲಿ ನೆಲೆಸುವುದೆಂದು ಊಟವಾದ ಮೇಲೆ ಮೇಜಿನ ಮೇಲೆ ನಕ್ಷೆ ಹರಡಿ ಕೂರುತ್ತಿದ್ದರು. ಅವನು ಬಿಸಿಲಿನ ಊರುಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಿದ್ದ. ಅವನು ಬದುಕಲು ಊರು ಹುಡುಕುತ್ತಿದ್ದ. ಅವಳು, ಅವನು ಸಾಯಲು.

ದಾರಿ ಸುಲಭವಾಗಿತ್ತು. ಹಾರ್ಲನ್‌ನ ಗುಂಡಿಗೆ ಸರಿಯಿರಲಿಲ್ಲ. ದಿನವೂ ಬೆಳಗ್ಗೆ ಅವನ ಔಷಧಿಯ ಹನಿಗಳನ್ನು ಚಮಚಕ್ಕೆ ಎಣಿಸಿ ಕೊಡುತ್ತಿದ್ದವಳು ಅವಳೇ. ಎಣಿಕೆ ದಿನಕ್ಕಿಷ್ಟು ಏರಿದರೆ ಸಾಕು. ಯಾರಾದರೂ ತಿಳಿದವರು ಹೆಣವನ್ನು ಕೊಯ್ದು ನೋಡಿದರೆ ಮಾತ್ರ ಗುಟ್ಟು ಹೊರಬೀಳುವಂಥದ್ದು. ಆದ್ದರಿಂದ ಬೇಕಾದದ್ದು ವಿಷವೂ ಅಲ್ಲ, ಬಂದೂಕೂ ಅಲ್ಲ. ಕೇಳದ, ನೋಡದ, ಬೇಗ ಮರೆತುಬಿಡುವ ಒಂದು ಊರು.

ಮೊದಲು ನೋಡಿದ್ದು ಸಾಲ್ಟ್ ವೆಲ್ಸ್. ಹಾರ್ಲನ್‌ಗೆ ಕಂಡ ಕೂಡಲೇ ಹಿಡಿಸಿತು: ಕಳ್ಳಿಯ ಬೇಲಿ, ಇಸ್ಪೀಟಾಡುವ ಮುದುಕರು, ಬೆನ್ನು ಕಾಯಿಸುವ ಬಿಸಿಲು. ಆದರೆ ಮುದುಕರಿದ್ದಲ್ಲಿ ಬೀದಿಗೊಬ್ಬ ಡಾಕ್ಟರು. ಮೇಲಾಗಿ ಅಲ್ಲಿನ ಹೋಟೆಲಿನವನು ಒಂದು ಕತೆ ಹೇಳಿದ. ನಲವತ್ತು ವರ್ಷದ ಹಿಂದೆ ದಾರಿತಪ್ಪಿದವನೊಬ್ಬ ಈಚೆಗೆ ಮರಳಿನಡಿ ಹೆಣವಾಗಿ ಸಿಕ್ಕಾಗ ಅವನ ಮೀಸೆ ಕೂಡ ಹಾಗೇ ಇತ್ತಂತೆ. ವೆಲ್ಡಾಳಿಗೆ ಮರುಭೂಮಿ, ಪೆಟ್ಟಿಗೆಯಲ್ಲಿ ಹರಕು ರಿಬ್ಬನ್ನನ್ನೂ ಜೋಪಾನವಾಗಿಡುವ ಮುದುಕಿಯಂತೆ ಕಂಡಿತು. ಅದು ಯಾವುದನ್ನೂ ಬಿಟ್ಟುಕೊಡುವುದಿಲ್ಲ.

ಆಮೇಲೆ ಮಣ್ಣಿನ ಗೋಡೆಗಳ, ಚಿತ್ರಕಾರರ ಊರೊಂದು. ಅಲ್ಲಿ ಎಲ್ಲರಿಗೂ ಎಲ್ಲರ ಮುಖ ನೋಡುವುದೇ ಕೆಲಸ. ಪೈನ್ ಮರಗಳ ತಪ್ಪಲಿನ ಇನ್ನೊಂದು ಊರಲ್ಲಿ ಹೊಸ ಆಸ್ಪತ್ರೆಗೆ ಸುಣ್ಣ ಹೊಡೆಯುತ್ತಿದ್ದರು.

ಜುಲೈನಲ್ಲಿ ಕೊಲರಾಡೋದ ಸೇಂಟ್ ಆಲ್ಬನ್ ಸಿಕ್ಕಿತು. ಮೋಡಕ್ಕೆ ತಲೆ ತಾಗಿಸಿ ಕೂತ ಪುಟ್ಟ ಊರು. ಡಾಕ್ಟರು ಬರುವುದು ಬೇಸಿಗೆಯಲ್ಲಿ ಮಾತ್ರ. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿದರೆ ಐದು ತಿಂಗಳು ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಆಗ ಯಾರಾದರೂ ಸತ್ತರೆ ಸಾವಿನ ಕಾಗದ ಬರೆದುಕೊಡುವವನು, ಜನ ಓಟು ಹಾಕಿ ಆರಿಸಿದ ಎಮೆಟ್ ಪೆನ್‌ರೋಸ್. ಅವನ ಅಂಗಡಿಯಲ್ಲಿ ಮೊಳೆ, ಹಗ್ಗ, ಕಂದೀಲು. "ಸಾವಿನ ವಿಷ್ಯ ನನಗೇನ್ ಗೊತ್ತು?" ಎಂದು ನಕ್ಕಿದ್ದ ಅವನು. "ಉಸಿರಾಡ್ತಿಲ್ಲ ಅಂದ್ರೆ ಸತ್ತಿದಾನೆ ಅಂತ ಬರೀತೀನಿ, ಅಷ್ಟೇ."

ಅವತ್ತು ಹೊರಡುವ ಮುಂಚೆ ವೆಲ್ಡಾ ಬಗ್ಗಿ ನೆಲದ ಮಣ್ಣು ಮುಟ್ಟಿದಳು. ಕಪ್ಪಗೆ, ತೇವವಾಗಿ, ಬೆರಳಿಗೆ ಮೆತ್ತಿಕೊಳ್ಳುವ ಮಣ್ಣು. ಎಂಥದನ್ನೂ ತಿಂದು ಅರಗಿಸಿಕೊಳ್ಳುವ ಮಣ್ಣು.

"ಈ ಚಳೀಲಿ ನನ್ನ ಮೂಳೆ ಕಟಕಟ ಅನ್ನುತ್ತೆ ಕಣೇ," ಎಂದು ಹಾರ್ಲನ್ ಗೊಣಗಿದ.

"ಮೂವತ್ತೆಂಟು ವರ್ಷ ನೀನಂದ ಕಡೆ ಇದ್ದೆ. ಒಂದು ಸಲ ನನ್ನ ಮಾತು ನಡೀಲಿ."

ಅವನು ಅವಳನ್ನು ದಿಟ್ಟಿಸಿ ನೋಡಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಆಯ್ತು ಮುದುಕಿ. ಮೀನಾದ್ರೂ ಸಿಗುತ್ತಾ ಕೇಳು ಅವರನ್ನ."

ಮೀನು ಸಿಕ್ಕಿತು. ಅಕ್ಟೋಬರ್‌ವರೆಗೂ ಅವನು ಹೊಳೆಯ ದಂಡೆಯಲ್ಲಿ ಸುಖವಾಗಿದ್ದ. ವೆಲ್ಡಾ ಮಾತ್ರ ಅಂಗಡಿಗೆ ಹೋದಾಗಲೆಲ್ಲ ಒಂದೊಂದು ಮಾತು ಬಿತ್ತಿ ಬರುತ್ತಿದ್ದಳು: ಈ ಎತ್ತರ ಅವರ ಎದೆಗೆ ಆಗಿಬರ್ತಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಊರವರು ತಲೆದೂಗುತ್ತಿದ್ದರು. ನವೆಂಬರ್ ಕೊನೆಗೆ ದಾರಿ ಮುಚ್ಚಿತು. ಮರುದಿನದಿಂದ ಚಮಚದಲ್ಲಿ ಹನಿ ಹೆಚ್ಚಿತು.

ಹದಿನಾರನೇ ಬೆಳಗ್ಗೆ ಅವನು ಕಿಟಕಿಯ ಬಳಿ ಕೂತಿದ್ದ. ಮುಖ ಬೂದಿಯಂತಾಗಿತ್ತು. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ವೆಲ್ಡಾ ಚಮಚ ಹಿಡಿದು ಬಂದಳು.

"ಲೋರ್ನಾ ಇದನ್ನ ನೋಡಿದ್ರೆ ಕುಣಿದಾಡಿಬಿಡೋಳು," ಅಂದ ಅವನು. "ಬಾಯಿ ತೆರೆದು ನಿಂತ್ಕೊಳ್ಳೋಳು, ಹಿಮ ತಿನ್ನೋಕೆ."

ಎಂಟು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. ಚಮಚ ಅಲ್ಲೇ ನಿಂತಿತು. ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಮಾತನ್ನ ಎಂದು ಅವಳಿಗೆ ಕೇಳಬೇಕೆನಿಸಿತು. ಕೇಳಿದ್ದರೆ ಅವನು ಅಳುತ್ತಿದ್ದನೇನೋ, ಅವಳೂ. ಅವನು ಮಗುವಿನಂತೆ ಬಾಯಿ ತೆರೆದ. ಅವಳು ಚಮಚವನ್ನು ಬಾಯಿಗಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳು ಅತ್ತಳು. ನಟಿಸಬೇಕಾಗಿ ಬರಲಿಲ್ಲ, ಅದೊಂದು ಅವಳ ಲೆಕ್ಕದಲ್ಲಿರಲಿಲ್ಲ.

ಎಮೆಟ್ ಪೆನ್‌ರೋಸ್ ಬಂದು, ಟೋಪಿ ತೆಗೆದು, ಹಾರ್ಲನ್‌ನ ಮೂಗಿನ ಬಳಿ ಕೈ ಹಿಡಿದು ನೋಡಿ, 'ಹೃದಯ' ಎಂದು ಬರೆದು ಸಹಿ ಹಾಕಿದ. ನಾಳೆಯೇ ಮಣ್ಣು ಮಾಡಿಬಿಡೋಣವೇ ಎಂದು ವೆಲ್ಡಾ ಕೇಳಿದಳು. ಅವನು ಕನಿಕರದಿಂದ ಅವಳ ಭುಜ ತಟ್ಟಿದ. "ನಾಳೆನಾ? ನೀವು ಬಿಸಿಲು ಸೀಮೆಯೋರು, ಪಾಪ, ನಿಮಗೆ ಗೊತ್ತಿರಲ್ಲ ಮಿಸೆಸ್ ಪ್ರುಯಿಟ್. ಈಗ ನಮ್ಮ ನೆಲ ಕಬ್ಬಿಣ. ಗುದ್ದಲಿ ಹಾಕಿದ್ರೆ ಗುದ್ದಲೀನೇ ಮುರಿಯುತ್ತೆ. ಚಳಿಗಾಲದಲ್ಲಿ ಹೋದೋರನ್ನೆಲ್ಲ ಗುಡ್ಡದ ಕಲ್ಲುಮನೇಲಿ ಮಲಗಿಸ್ತೀವಿ, ಮೇ ತನಕ. ದಾರಿ ತೆರೆದ ಮೇಲೆ ಸರ್ಕಾರಿ ಡಾಕ್ಟರ್ ಬಂದು ಒಬ್ಬೊಬ್ಬರನ್ನೇ ಕೊಯ್ದು ಪರೀಕ್ಷೆ ಮಾಡಿ ಬರೆದುಕೊಟ್ಟ ಮೇಲೇನೇ ಮಣ್ಣು. ನನ್ನ ಚೀಟಿ ಅಲ್ಲೀವರೆಗೆ ಮಾತ್ರ. ಯೋಚಿಸ್ಬೇಡಿ, ಈ ಹಿಮ ತುಂಬ ಒಳ್ಳೇದು. ಒಂದು ಕೂದಲೂ ಕೊಂಕಲ್ಲ. ಇವತ್ತು ಹೇಗಿದ್ದಾರೋ ಹಾಗೇ ಇರ್ತಾರೆ."