ಒಂಬತ್ತನೆಯ ಪುಟದವರೆಗೆ

ನಂಟರ ಕೊನೆಯ ಗಾಡಿ ಭಾನುವಾರ ಸಂಜೆ ಹೊರಟುಹೋಯಿತು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ, ಮುಚ್ಚಿದ ಕೋಣೆಯೊಳಗಿಂದ ಸಮರ್ಥನ ದನಿ ಕೇಳಿಸಿತು.

"ಎಲ್ಲಾರೂ ಪೆನ್ನು ಕೆಳಗಿಡ್ರಿ. ಮೊದಲು ಕಿಟಕಿ ಹೊರಗ ಏನ್ ಕಾಣ್ತೈತಿ ನೋಡ್ರಿ. ವಿಹಾನ, ನಿಮ್ಮ ಮನ್ಯಾಗ ಕಿಟಕಿ ಇಲ್ಲೇನಪಾ? ಗ್ವಾಡಿ ನೋಡ್ಕೋತ ಕುಂತೀಯಲ್ಲ!"

ಮೂವತ್ತೊಂದು ಮಕ್ಕಳು ನಕ್ಕರು. ಇಂಚರ ಚಹಾ ಸೋಸುವ ಜರಡಿ ತೊಳೆಯುತ್ತಿದ್ದಳು. ಸರಿಯಾಗಿ ಕೇಳಿಸಲೆಂದು ನಲ್ಲಿ ನಿಲ್ಲಿಸಿದಳು, ಅಷ್ಟೆ. ಅವಳ ಗಂಡ ಸಮರ್ಥನಿಗೆ ಮಣ್ಣು ಕೊಟ್ಟು ಐದು ದಿನವಾಗಿತ್ತು.

ಮಾತಾಡುತ್ತಿದ್ದುದು ಅನುವಾಚಕ ಎಂಬ ಯಂತ್ರ. ಮನೆಯಿಂದಲೇ ಕಲಿಯುವ ಜಾಲಶಾಲೆಯ ಮಕ್ಕಳೆಲ್ಲ ಪಾಟಿಯಂಥ ಪರದೆಯ ಮೇಲೆ ಪೆನ್ನಿನಿಂದ ಬರೆಯುವುದು ರೂಢಿಯಾಗಿ ಇಪ್ಪತ್ತು ವರ್ಷ ಕಳೆದಿತ್ತು. ಧಾರವಾಡದ ಡಾ. ನಫೀಸಾ ಕಿತ್ತೂರ ಆ ಪೆನ್ನಿಗೆ ಹೊಸದೊಂದು ಗುಣ ಕೊಟ್ಟರು. ಮಗು ಯಾವ ಪದದ ಮುಂದೆ ಎಷ್ಟು ಹೊತ್ತು ನಿಂತಿತು, ಏನು ಬರೆದು ಅಳಿಸಿತು, ಎಲ್ಲಿ ಒತ್ತಿ ಬರೆಯಿತು ಎಂಬುದೆಲ್ಲ ಮೇಷ್ಟ್ರಿಗೆ ಕಾಣುತ್ತಿತ್ತು. ಗದುಗಿನ ಮನೆಯಲ್ಲಿ ಕುಳಿತು ಏಳನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದ ಸಮರ್ಥ ಮಕ್ಕಳ ವಾಕ್ಯಕ್ಕಿಂತ ಹೆಚ್ಚಾಗಿ ಅವರು ತಡೆದು ನಿಂತ ಜಾಗಕ್ಕೆ ಉತ್ತರ ಕೊಡುತ್ತಿದ್ದ. ಅಂಥ ನಲವತ್ತು ಸಾವಿರ ಉತ್ತರಗಳಿಂದ ಯಂತ್ರ ಅವನ ರೀತಿಯನ್ನು ಕಲಿತುಕೊಂಡಿತ್ತು. ಡೆಂಗಿ ಜ್ವರದಲ್ಲಿ ಅವನು ಆಸ್ಪತ್ರೆ ಸೇರಿದ ದಿನದಿಂದ ಪಾಠ ಮಾಡಿದ್ದು ಅದೇ; ಕೋಣೆಯಲ್ಲಿ ಚಾಲೂ ಉಳಿದಿದ್ದ ಅವನ ಪರದೆಯಲ್ಲೂ ಅದು ಕೇಳಿಸುತ್ತಿತ್ತು. ಮಕ್ಕಳಿಗೆ ಯಾರೂ ಏನೂ ಹೇಳಿರಲಿಲ್ಲ.

ಅತ್ತೆ ಮಣೆಯನ್ನು ಎಳೆದುಕೊಂಡು ಕೋಣೆಯ ಬಾಗಿಲಿಗೆ ಬಂದು ಕುಳಿತರು. "ಬಂದ್ ಮಾಡಸಬ್ಯಾಡ ಯವ್ವಾ. ಮಾತಾಡ್ಲಿ."

"ನನ್ನ ಕೈಯಾಗ ಏನೂ ಇಲ್ರಿ ಅತ್ತಿ," ಎಂದಳು ಇಂಚರ. ನಿಜವೇ ಆಗಿತ್ತು. ಮಾರ್ಚ್ ಮುಗಿಯುವವರೆಗೆ ತನ್ನ ದನಿ ಪಾಠ ನಡೆಸಬಹುದೆಂದು ಸಮರ್ಥನೇ ಸಹಿ ಹಾಕಿದ್ದ. ಮನೆಯವರು ತಡೆಯುವಂತಿರಲಿಲ್ಲ.

ಬುಧವಾರ ಡಾ. ಕಿತ್ತೂರ ಅವರೇ ಫೋನ್ ಮಾಡಿದರು.

"ಇಂಚರಾ ಅವ್ರ, ಈ ಹೊತ್ನ್ಯಾಗ ನಿಮಗ ತ್ರಾಸ ಕೊಡಬಾರ್ದಿತ್ತು. ಲಕ್ಷ್ಮೇಶ್ವರದಾಗ ಒಂದ್ ಹುಡುಗಿ ಐತಿ, ತನ್ಮಯಿ ಅಂತ. ಹದಿನಾರು ದಿನದಿಂದ ಒಂದ್ ಸಾಲೂ ಬರದಿಲ್ಲ."

"ನಿಮ್ಮ ಅನುವಾಚಕ ಏನ್ ಅಂತೈತ್ರಿ?"

"ಅದಕ್ಕ ಭಾಳ ಖುಷಿ ಆಗೇತಿ." ಕಿತ್ತೂರ ನಗಲಿಲ್ಲ. "ಪೆನ್ನು ಹನ್ನೊಂದು ನಿಮಿಷ ನಿಂತ್ರ, 'ವಿಚಾರ ಮಾಡಾಕತ್ತೀ, ಛಲೋ ಆತು' ಅಂತೈತಿ. ವಿಚಾರ ಮಾಡಿ ನಿಂತದ್ದು ಯಾವ್ದು, ಹೆದರಿ ನಿಂತದ್ದು ಯಾವ್ದು, ಅದಕ್ಕ ತಿಳೀವಲ್ದು."

"ಅವ್ರಿಗೆ ತಿಳೀತಿತ್ತು."

"ಹೆಂಗ ತಿಳೀತಿತ್ತು ಅಂತ ನಾ ಕೇಳಲಿಲ್ಲ. ಅವ್ರು ಹೇಳಿದ್ದನ್ನ ಅಷ್ಟ ಕೂಡಿಟ್ಟೆ." ವಿಜ್ಞಾನಿಯ ದನಿ ಇಳಿಯಿತು. "ಆ ಹುಡುಗಿ ದಿನಾ ಒಂದ ಮಾತು ಕೇಳ್ತಾಳ. ಕೇಳ್ರಿ ಇಲ್ಲೆ."

ಧ್ವನಿಮುದ್ರಿಕೆಯಲ್ಲಿ ಮಗುವಿನ ಸಣ್ಣ ದನಿ: "ಸರ್, ನನ್ನ ನೋಟ್‌ಬುಕ್?" ಹಿಂದೆಯೇ ಸಮರ್ಥ: "ಓದಾಕತ್ತೀನವಾ. ಇನ್ನೊಂದೆರಡ ದಿನ ತಡಿ."

ಇಂಚರಳಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು. ಬಚ್ಚಲ ನಲ್ಲಿ ಸೋರುತ್ತಿದ್ದಾಗ ಇದೇ ದನಿಯಲ್ಲಿ ಎರಡು ತಿಂಗಳು ತಡೆಯಲು ಹೇಳಿದ್ದ. ಮಾಡದ ಕೆಲಸವನ್ನು ಮಾಡುತ್ತಿದ್ದೇನೆ ಎನ್ನುವ ಅವನ ರೀತಿಯನ್ನೂ ಯಂತ್ರ ಬಿಡದೆ ಕಲಿತಿತ್ತು.

ನೋಟ್‌ಬುಕ್ ಆಸ್ಪತ್ರೆಯ ಚೀಲದಲ್ಲಿ ಸಿಕ್ಕಿತು. ಆ ಚೀಲವನ್ನು ಯಾರೂ ಇನ್ನೂ ಬಿಚ್ಚಿರಲಿಲ್ಲ; ನೋಟ್‌ಬುಕ್ ಟವೆಲಿನ ಕೆಳಗಿತ್ತು. ಕಾಗದದ್ದು, ಗೆರೆ ಹಾಕಿದ್ದು. ಮೊದಲ ಹಾಳೆಗೆ ಚೀಟಿಯೊಂದು ಅಂಟಿಸಿತ್ತು: "ಸರ್, ಪರದೆಯ ಮೇಲೆ ಬರೆಯಲಾಗದ್ದನ್ನು ಪೆನ್ಸಿಲಿನಲ್ಲಿ ಬರೆದು ಕಳಿಸು, ಓದಿ ವಾಪಸ್ ಕೊಡುತ್ತೇನೆ ಅಂದಿದ್ದಿರಿ. ಇದು ಒಂದೇ ಪ್ರತಿ. ನೀವು ಬಿಟ್ಟು ಯಾರೂ ಓದಬಾರದು."

ಇಂಚರ ಓದಲಿಲ್ಲ. ಹುಡುಗಿಯ ಸಾಲುಗಳನ್ನು ಅಂಗೈಯಿಂದ ಮುಚ್ಚಿ ಅಂಚನ್ನು ಮಾತ್ರ ನೋಡುತ್ತ ಹೋದಳು. ಅಲ್ಲಿ ಅವನ ಹಸಿರು ಶಾಯಿ ಇತ್ತು. ಒಂದು ಕಡೆ "ಹೌದಾ?" ಇನ್ನೊಂದು ಕಡೆ ಬರೀ ಒಂದು ಗೆರೆ. ಒಂಬತ್ತನೆಯ ಪುಟದಲ್ಲಿ ಅಕ್ಷರ ವಾಲಿತ್ತು. ಸಲೈನ್ ಸೂಜಿ ಚುಚ್ಚಿದ ಕೈಯಲ್ಲಿ ಬರೆದಿದ್ದ. "ಇಲ್ಲಿ ನಿಲ್ಲಬೇಡ. ಮುಂದೆ ಏನಾಯಿತು?"

ಹತ್ತನೆಯ ಪುಟದ ಅಂಚು ಖಾಲಿ. ಆಮೇಲಿನವೂ ಖಾಲಿ.

"ಪುಟಗಳ ಫೋಟೋ ತಗದು ಕಳಸ್ರಿ," ಎಂದರು ಕಿತ್ತೂರ, ಇಂಚರ ಮತ್ತೆ ಫೋನ್ ಮಾಡಿದಾಗ. "ಉಳಿದದ್ದನ್ನ ಅನುವಾಚಕ ಬರೀತೈತಿ, ಅವ್ರ ಅಕ್ಷರದಾಗ. ಹುಡುಗಿಗೆ ಗೊತ್ತಾಗೂದಿಲ್ಲ."

ಇನ್ನೂ ಇಪ್ಪತ್ತೆರಡು ಪುಟಗಳಿದ್ದವು. ಯಂತ್ರ ತುಂಬಿದರೆ, ಅವಳು ಇದುವರೆಗೆ ನೋಡದ, ಅವನ ಇಪ್ಪತ್ತೆರಡು ಪುಟಗಳ ಮಾತು. ಫೋನನ್ನು ಹತ್ತನೆಯ ಪುಟದ ಮೇಲೆ ಹಿಡಿದಳು. ಪರದೆಯಲ್ಲಿ ಪುಟ ಸ್ಪಷ್ಟವಾಯಿತು. ಬೆರಳು ಒತ್ತಲಿಲ್ಲ.

"ನನಗ ಗೊತ್ತಾಗತೈತ್ರಿ," ಎಂದಳು.

"ಹಂಗಾರ ನೀವ ಓದಿ ಬರೀರಿ. ನೀವೂ ಓದಿದವ್ರು."

"ನನಗ ಓದು ಅಂತ ಆಕಿ ಕೊಟ್ಟಿಲ್ರಿ."

ಕಿತ್ತೂರ ಒತ್ತಾಯ ಮಾಡದೆ ಫೋನಿಟ್ಟರು. ತಾನು ಕಟ್ಟಿದ್ದನ್ನು ನಿಲ್ಲಿಸುವ ಅಧಿಕಾರ ಅವರಿಗೂ ಉಳಿದಿರಲಿಲ್ಲ. ಒಂಬೈನೂರು ತರಗತಿಗಳಲ್ಲಿ ಅದು ನಡೆಯುತ್ತಿತ್ತು.

ಗುರುವಾರ ಇಂಚರ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ತನ್ಮಯಿಯ ಮನೆ ಹಿಟ್ಟಿನ ಗಿರಣಿಯ ಮೇಲಿತ್ತು. ಕಬ್ಬಿಣದ ಮೆಟ್ಟಿಲು ಗಿರಣಿಯ ಜೊತೆಗೇ ನಡುಗುತ್ತಿತ್ತು. ಬಾಗಿಲು ತೆಗೆದವಳು ಅವಳೇ. ಒಳಗೆ ಪಾಠ ನಡೆದಿತ್ತು.

"ನಾ ಸಮರ್ಥ ಸರ್ ಮನಿಯಾಕಿ."

ಹುಡುಗಿಯ ಮುಖ ಅರಳಿತು. "ಸರ್ ಕಳಸಿದ್ರೇನ್ರಿ?"

"ಇಲ್ಲವಾ. ಸರ್ ತೀರ್ಕೊಂಡ್ರು. ಎಂಟ ದಿನ ಆತು."

ತನ್ಮಯಿ ಹಿಂದಕ್ಕೆ ತಿರುಗಿ ಪರದೆ ನೋಡಿದಳು. "ತನ್ಮಯಿ, ಎಲ್ಲಿ ಹೋದಿ?" ಎನ್ನುತ್ತಿತ್ತು ದನಿ. "ಪೆನ್ನು ನಿಂತೈತಿ. ಇರ್ಲಿ, ವಿಚಾರ ಮಾಡು."

"ಮತ್ತ ಇವ್ರು ಯಾರ್ರೀ?"

"ಸರ್ ಮಾತು ಕಲ್ತ ಯಂತ್ರವಾ ಅದು."

"ಎರಡ ದಿನ ತಡಿ ಅಂದವ್ರು?"

"ಅದೂ ಯಂತ್ರನ."

ಹುಡುಗಿ ಅಳಲಿಲ್ಲ. ಇಂಚರಳ ಕೈಯಲ್ಲಿದ್ದುದನ್ನು ನೋಡಿದಳು. "ನೀವು ಓದಿದ್ರಿ?"

"ಇಲ್ಲ. ಸರ್ ಅಕ್ಷರ ಅಷ್ಟ ನೋಡಿದೆ. ಒಂಬತ್ತನೇ ಪುಟದ ತನಕ ಅವ್ರು ಓದ್ಯಾರ."

"ಒಂಬತ್ತ?" ತನ್ಮಯಿ ತುಟಿ ಕಚ್ಚಿದಳು. "ಹೇಳಬೇಕಾಗಿದ್ದು ಹನ್ನೆರಡನೇ ಪುಟದಾಗ ಐತ್ರಿ."

ಹನ್ನೆರಡನೆಯ ಪುಟವನ್ನು ಓದಲು ಹೊಸ ಪೆನ್ನು ಬೇಕಿರಲಿಲ್ಲ, ಕಲಿತ ಯಂತ್ರ ಬೇಕಿರಲಿಲ್ಲ. ಕುಳಿತು ಓದುವ ಒಬ್ಬರು ಸಾಕಿತ್ತು. ಪ್ರತಿ ಊರಿನ ಪ್ರತಿ ಶಾಲೆಯಲ್ಲೂ ಅಂಥವರು ಇದ್ದ ಕಾಲವೊಂದಿತ್ತು. ಆಗಲೂ ನೋಟ್‌ಬುಕ್‌ಗಳು ಮೇಷ್ಟ್ರ ಮೇಜಿನ ಮೇಲೆ ಪೇರಿಸಿಟ್ಟಲ್ಲೇ ಇರುತ್ತಿದ್ದವು, ಕೊನೆಯ ಪುಟಕ್ಕೊಂದು ಸಹಿ ಬಿದ್ದು ಹಾಗೇ ಮಕ್ಕಳಿಗೆ ಮರಳುತ್ತಿದ್ದವು. ತನ್ನ ಶಾಲೆಯ ದಿನಗಳ ಬಗ್ಗೆ ಸಮರ್ಥ ಹೇಳಿದ್ದು ಇದೊಂದೇ.

"ತಡಾ ಆತವಾ," ಎಂದು ಇಂಚರ ನೋಟ್‌ಬುಕ್ ನೀಡಿದಳು.

ತನ್ಮಯಿ ತೆಗೆದುಕೊಂಡು, ಮೊದಲು ಹನ್ನೆರಡನೆಯ ಪುಟ ಇದೆಯೇ ಎಂದು ತೆರೆದು ನೋಡಿದಳು.